ಮೋಖಾ, ಖೌಲಾನಿ, ಹರಾರ್: ಅರಬ್ ಕಾಫಿ ಕೊಳ್ಳುವಾಗ ಯಾವುದನ್ನು ಆರಿಸಬೇಕು?

ದುಬೈ, ರಿಯಾದ್ ಅಥವಾ ಮಸ್ಕತ್‌ನ ದೊಡ್ಡ ಅಂಗಡಿಗಳಲ್ಲಿ ‘ಅರೇಬಿಕ್ ಕಾಫಿ’ ಎಂದು ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಬಗೆಯ ಪೊಟ್ಟಣ ತೋರಿಸುತ್ತಾರೆ. ಮೊದಲನೆಯದು ಏಲಕ್ಕಿ ಬೆರೆಸಿದ, ಹಳದಿಗೆ ತಿರುಗಿದ ತೆಳುಗಂದು ಪುಡಿ. ಎರಡನೆಯದು ಕಪ್ಪಗೆ ಹುರಿದು ಮೈದಾದಷ್ಟು ನುಣ್ಣಗೆ ಬೀಸಿದ ಟರ್ಕಿಶ್ ಪುಡಿ. ಮೂರನೆಯದು ‘ಯೆಮನ್ ಮಟರಿ’, ‘ಹರಾಝ್’ ಅಥವಾ ‘ಖೌಲಾನಿ’ ಎಂದು ಬರೆದ ಇಡೀ ಬೀಜದ ಸಣ್ಣ ಪೊಟ್ಟಣ. ಬೆಲೆ ಉಳಿದೆರಡಕ್ಕಿಂತ ಎಷ್ಟೋ ಪಾಲು ಹೆಚ್ಚು. ಊರಿಗೆ ಹೊರಟವರು ಇವುಗಳಲ್ಲಿ ಯಾವುದೋ ಒಂದನ್ನು ತಂದು, ಮನೆಯ ಫಿಲ್ಟರಿಗೆ ಹಾಕಿ, ಹಾಲು ಬೆರೆಸಿ ಕುಡಿದು, ‘ಇದರಲ್ಲಿ ಏನಿದೆ?’ ಎಂದು ಡಬ್ಬಿ ಮುಚ್ಚಿಡುವುದು ಸಾಮಾನ್ಯ. ಬೀಜದಲ್ಲಿ ತಪ್ಪಿರುವುದಿಲ್ಲ. ಬೀಜಕ್ಕೂ ಕುಡಿಯುವ ರೀತಿಗೂ ತಾಳೆಯಾಗಿರುವುದಿಲ್ಲ, ಅಷ್ಟೇ.

ಆದ್ದರಿಂದ ಯಾವ ಊರಿನ ಬೀಜ ಎಂಬುದಕ್ಕಿಂತ ಮೊದಲು ಹೇಗೆ ಕುಡಿಯುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಏಲಕ್ಕಿ ಹಾಕಿ ಕುದಿಸಿದ ಕಹ್ವಾ ಬೇಕೋ, ಹಾಲಿಲ್ಲದ ಕರಿ ಕಾಫಿ ಬೇಕೋ, ಡಿಕಾಕ್ಷನ್‌ಗೆ ಹಾಲು ಬೆರೆಸಬೇಕೋ? ಉತ್ತರ ಬದಲಾದಂತೆ ಕೊಳ್ಳಬೇಕಾದ ಬೀಜವೂ ಬದಲಾಗುತ್ತದೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ‘ಅರೇಬಿಕಾ’ ಎಂದು ಬರೆದ ಮಾತ್ರಕ್ಕೆ ಅದು ಅರಬ್ ನಾಡಿನ ಕಾಫಿಯಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಕ್ಕೆ ಕಾಫಿಯಾ ಅರೇಬಿಕಾ ಎಂಬ ಹೆಸರಿಟ್ಟಾಗ ಯುರೋಪಿಗೆ ಕಾಫಿ ಎಂದರೆ ಅರಬ್ಬರ ಸರಕು. ಗಿಡದ ಮೂಲ ಮಾತ್ರ ಇಥಿಯೋಪಿಯಾದ ಕಾಡು. ಚಿಕ್ಕಮಗಳೂರಿನದೂ ಅರೇಬಿಕಾ, ಬ್ರೆಜಿಲ್‌ನದೂ ಅರೇಬಿಕಾ.

ಮೋಖಾ ಬಂದರು

ಕಾಡಿನ ಗಿಡವನ್ನು ಬೆಳೆಯಾಗಿ, ಕುದಿಸಿ ಕುಡಿಯುವ ಪೇಯವಾಗಿ ಜಗತ್ತಿಗೆ ಕೊಟ್ಟವರು ಯೆಮನ್‌ನವರು. 15ನೇ ಶತಮಾನದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯ ಧ್ಯಾನಕ್ಕೆ ನಿದ್ದೆ ತಡೆಯಲು ಇದನ್ನು ಕುಡಿಯುತ್ತಿದ್ದರು. ಅಲ್ಲಿಂದ ಮೆಕ್ಕಾ, ಕೈರೋ ದಾಟಿ ಅದು ಇಸ್ತಾಂಬುಲ್‌ಗೆ ಹೋಯಿತು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ, ಆದರೆ ನಿಷೇಧ ಉಳಿಯಲಿಲ್ಲ. ಬೆಟ್ಟದ ಬೀಜ ಒಂಟೆಗಳ ಮೇಲೆ ಬೈತ್ ಅಲ್-ಫಕೀಹ್ ಪೇಟೆಗೆ ಇಳಿದು, ಕೆಂಪು ಸಮುದ್ರದ ದಡದ ಮೋಖಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹಾಗಾಗಿ ಬಂದರಿನ ಹೆಸರೇ ಬೀಜಕ್ಕೆ ಅಂಟಿತು. ಮೋಖಾದಲ್ಲಿ ಕಾಫಿ ಬೆಳೆಯುವುದಿಲ್ಲ. ಅದು ಸುಡುವ ಕರಾವಳಿ. 1839ರಲ್ಲಿ ಬ್ರಿಟಿಷರು ಏಡನ್ ಹಿಡಿದ ಮೇಲೆ ವ್ಯಾಪಾರ ಅತ್ತ ಸರಿದು ಮೋಖಾ ಬಂದರು ಸೊರಗಿತು. ಹೆಸರು ಮಾತ್ರ ಉಳಿಯಿತು.

ಆ ಬಂದರಿನ ದಾರಿಯಲ್ಲೇ ಕರ್ನಾಟಕದ ಕೊಂಡಿಯೂ ಇದೆ. ಹಜ್ ಮುಗಿಸಿ ಬರುತ್ತಿದ್ದ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬುದು 17ನೇ ಶತಮಾನಕ್ಕೆ ಸೇರಿದ ಐತಿಹ್ಯ. ಡಚ್ಚರು 1690ರ ದಶಕದ ಕೊನೆಯಲ್ಲಿ ಜಾವಾದಲ್ಲಿ ನೆಟ್ಟ ಸಸಿಗಳು ಹೋದದ್ದು ಮಲಬಾರಿನಿಂದ. ಜಾವಾದ ಬೀಜ ಯುರೋಪಿನ ಮಾರುಕಟ್ಟೆಗೆ ಬಂದ ಮೇಲೆ ಯೆಮನ್‌ನ ಏಕಸ್ವಾಮ್ಯ ಮುರಿಯಿತು.

ಇಂದು ‘ಮೋಖಾ’ ಎಂದು ಬರೆದ ಪೊಟ್ಟಣದಲ್ಲಿ ಏನಿದೆ ಎಂದು ತಿಳಿಯಲು ಎರಡು ಎಚ್ಚರ ಸಾಕು. ಹೋಟೆಲುಗಳ ‘ಕೆಫೆ ಮೋಕಾ’ ಎಂದರೆ ಕಾಫಿ, ಹಾಲು, ಚಾಕೊಲೇಟ್. ಒಲೆಯ ಮೇಲಿಡುವ ‘ಮೋಕಾ ಪಾಟ್’ 1933ರ ಇಟಲಿಯ ಪಾತ್ರೆ, ಅದರಲ್ಲಿ ಯಾವ ಪುಡಿಯನ್ನಾದರೂ ಕುದಿಸಬಹುದು. ಯೆಮನ್ ಎಂಬ ದೇಶದ ಹೆಸರೂ ಬೆಟ್ಟಸೀಮೆಯ ಹೆಸರೂ ಇಲ್ಲದ ‘ಮೋಖಾ’ಗೆ ಹೆಚ್ಚು ದುಡ್ಡು ಕೊಡಬೇಡಿ.

ರುಚಿ ಬರುವುದು ಸಿಪ್ಪೆಯಿಂದ

ಈ ಕಾಫಿಗಳನ್ನೆಲ್ಲ ಒಂದು ಗುಂಪಿಗೆ ಸೇರಿಸುವುದು ಒಣಗಿಸುವ ಕ್ರಮ. ಯೆಮನ್‌ನಲ್ಲಿ ಸಮುದ್ರಮಟ್ಟದಿಂದ ಸುಮಾರು 1,500ರಿಂದ 2,300 ಮೀಟರ್ ಎತ್ತರದ ಕಲ್ಲುಕಟ್ಟೆಯ ಮೆಟ್ಟಿಲು ಹೊಲಗಳಲ್ಲಿ ಗಿಡ ಬೆಳೆಯುತ್ತದೆ. ಮಳೆ ಕಡಿಮೆ, ಪಲ್ಪಿಂಗ್ ಮಾಡಿ (ಸಿಪ್ಪೆ, ತಿರುಳು ಬಿಡಿಸಿ) ತೊಳೆಯುವಷ್ಟು ನೀರಿಲ್ಲ. ಹಣ್ಣನ್ನು ಇಡಿಯಾಗಿ ಮನೆಯ ಮಾಳಿಗೆಯ ಮೇಲೆ ಹರಡಿ ವಾರಗಟ್ಟಲೆ ಒಣಗಿಸುತ್ತಾರೆ. ಕೊಡಗು, ಚಿಕ್ಕಮಗಳೂರಿನ ತೋಟದವರ ಭಾಷೆಯಲ್ಲಿ ಹೇಳುವುದಾದರೆ ಯೆಮನ್ ಕಾಫಿ ಎಂದರೆ ‘ಅರೇಬಿಕಾ ಚೆರಿ’. ನಮ್ಮಲ್ಲಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್‌ಗಿಂತ ಕಡಿಮೆ ಬೆಲೆಗೆ ಹೋಗುವ ಚೆರಿಯ ಕ್ರಮವೇ ಅಲ್ಲಿ ದುಬಾರಿ ಕಾಫಿಗೂ ಇರುವ ಕ್ರಮ.

ತಿರುಳು ಅಂಟಿಕೊಂಡೇ ಒಣಗುವಾಗ ಹಣ್ಣಿನ ಸಕ್ಕರೆ ನಿಧಾನವಾಗಿ ಹುದುಗುತ್ತದೆ. ಒಣದ್ರಾಕ್ಷಿ, ಖರ್ಜೂರ, ವೈನ್, ಕೋಕೋ ನೆನಪಿಸುವ ರುಚಿ ಬರುವುದು ಇದರಿಂದ. ತೊಳೆದ ಕಾಫಿಯ ಚೊಕ್ಕಟವಾದ ಹುಳಿ ಇಲ್ಲಿಲ್ಲ. ಬದಲಿಗೆ ಮೈ (ಬಾಯಲ್ಲಿ ತಿಳಿಯುವ ಸಾಂದ್ರತೆ) ದಪ್ಪ, ರುಚಿಯಲ್ಲಿ ಪದರ ಹೆಚ್ಚು, ಒಂದು ಕಪ್ಪಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ. ಕೆಡುವುದೂ ಇದೇ ಹಂತದಲ್ಲಿ. ದಪ್ಪಗೆ ಹರಡಿ ದಿನಕ್ಕೆ ಹಲವು ಸಲ ಕೈಯಾಡಿಸದಿದ್ದರೆ ಒಳಗಿನ ಹಣ್ಣು ಬೆವರಿ ವಿನೆಗರ್ ವಾಸನೆ ಹಿಡಿಯುತ್ತದೆ. ಮಣ್ಣಿನ ಮೇಲೆ ಒಣಗಿಸಿದರೆ ಮಣ್ಣಿನ ವಾಸನೆ. ಒಣ ಹಣ್ಣನ್ನು ರೈತರು ಉಳಿತಾಯದಂತೆ ಕೂಡಿಟ್ಟು, ದುಡ್ಡು ಬೇಕಾದಾಗ ಸಿಪ್ಪೆ ಬಿಡಿಸಿ ಮಾರುವ ರೂಢಿ ಯೆಮನ್‌ನಲ್ಲಿದೆ. ಹೀಗಾಗಿ ಚೀಲದ ಬೀಜ ಯಾವ ವರ್ಷದ್ದು ಎಂಬುದು ಸುಲಭಕ್ಕೆ ತಿಳಿಯುವುದಿಲ್ಲ. ಹಳೆಯದಾದರೆ ಹಣ್ಣಿನ ರುಚಿ ಹೋಗಿ ಮರದ ಪುಡಿಯ, ಗೋಣಿಯ ರುಚಿ ಉಳಿಯುತ್ತದೆ. ಪೊಟ್ಟಣದ ಮೇಲೆ ಕೊಯ್ಲಿನ ವರ್ಷ ಬರೆಯುವ ವ್ಯಾಪಾರಿಗೆ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ.

ಯೆಮನ್‌ನೊಳಗೇ ನಾಲ್ಕು ಹೆಸರು

ಯೆಮನ್‌ನಲ್ಲಿ ಉದೈನಿ, ದವೈರಿ, ತುಫ್ಫಾಹಿ, ಜಅದಿ ಎಂದು ಗಿಡದ ತಳಿಗಳಿಗೆ ಹೆಸರಿದ್ದರೂ ಒಂದೇ ಹೊಲದಲ್ಲಿ ಹಲವು ಬೆರೆತಿರುತ್ತವೆ. ಹಾಗಾಗಿ ಅಂಗಡಿಯಲ್ಲಿ ಸೀಮೆಯ ಹೆಸರನ್ನೇ ನೋಡಬೇಕು.

ಮಟರಿ, ಯೆಮನ್ ರಾಜಧಾನಿ ಸನಾದ ಪಶ್ಚಿಮಕ್ಕಿರುವ ಬನಿ ಮಟರ್ ಸೀಮೆಯದು. ನಾಲ್ಕರಲ್ಲಿ ಹೆಚ್ಚು ತೀಕ್ಷ್ಣ: ವೈನಿನಂಥ ಹುಳಿ, ದಪ್ಪ ಮೈ, ಕೊನೆಗೆ ಕಹಿ ಚಾಕೊಲೇಟ್. ‘ಮೋಖಾ ಎಂದರೆ ಚಾಕೊಲೇಟ್’ ಎಂಬ ಮಾತು ಎಲ್ಲಿಂದ ಬಂತು ಎಂದು ತಿಳಿಯಬೇಕಿದ್ದರೆ ಇದನ್ನು ಕುಡಿಯಿರಿ. ಮೊದಲ ಬಾರಿಗೆ ಯೆಮನ್ ಕಾಫಿ ಕೊಳ್ಳುವವರಿಗೆ, ಕರಿ ಕಾಫಿ ಕುಡಿಯುವ ಅಭ್ಯಾಸವಿದ್ದರೆ, ಇದೇ ಸರಿಯಾದ ಆಯ್ಕೆ.

ಹರಾಝ್, ಮನಾಖಾ ಪಟ್ಟಣದ ಸುತ್ತಿನ ಕಡಿದಾದ ಬೆಟ್ಟಗಳದ್ದು. ಹುಳಿಯೂ ಹಣ್ಣಿನ ಗುಣವೂ ಮಟರಿಯಷ್ಟೇ, ಮೈ ಮಾತ್ರ ಹಗುರ. ಒಣ ಏಪ್ರಿಕಾಟ್, ಹೂವಿನ ಕಂಪು ಹುಡುಕುವವರಿಗೆ, ಸುರಿದು ಸೋಸುವ ಪೇಪರ್ ಫಿಲ್ಟರ್ ಬಳಸುವವರಿಗೆ ಹೇಳಿಮಾಡಿಸಿದ್ದು. ಹೊಸ ತಲೆಮಾರಿನ ರಫ್ತುದಾರರು ಹೆಚ್ಚು ಗಮನ ಕೊಟ್ಟಿರುವ ಸೀಮೆಗಳಲ್ಲಿ ಇದೂ ಒಂದು. ಆರಿಸಿದ, ಸ್ವಚ್ಛವಾದ ಬೀಜ ಸಿಗುವ ಸಾಧ್ಯತೆ ಹೆಚ್ಚು.

ಇಸ್ಮಾಯಿಲಿ ಬೀಜ ಸಣ್ಣದು, ಗುಂಡಗೆ ಇರುತ್ತದೆ. ರುಚಿ ತುಂಬಾ ಸಂಕೀರ್ಣ, ಆದರೆ ಅಸಲಿ ಸಿಗುವುದು ಕಷ್ಟ. ಗುಂಡಗಿರುವ ಎಲ್ಲ ಬೀಜ ಇಸ್ಮಾಯಿಲಿಯಲ್ಲ. ಯಾವ ಕಾಫಿ ಗಿಡದಲ್ಲೂ ಹಣ್ಣಿನೊಳಗೆ ಒಂದೇ ಬೀಜ ಬಲಿತರೆ ಪೀಬೆರಿ ಆಗುತ್ತದೆ. ಅದನ್ನೇ ಆರಿಸಿ ‘ಮೋಖಾ’ ಎಂದು ಮಾರುವವರಿದ್ದಾರೆ.

ಸನಾನಿ ಎಂದರೆ ಸನಾ ಸುತ್ತಿನ ಹಲವು ಕಡೆಯ ಬೀಜ ಸೇರಿದ್ದು. ಹುಳಿ ಕಡಿಮೆ, ಸಮತೂಕ, ಬೆಲೆಯೂ ಕಡಿಮೆ. ಟರ್ಕಿಶ್ ಕಾಫಿಯ ಉದ್ದ ಹಿಡಿಯ ಪುಟ್ಟ ಪಾತ್ರೆಯಾದ ಇಬ್ರಿಕ್‌ನಲ್ಲಿ ಕುದಿಸಲು, ಏಲಕ್ಕಿ ಹಾಕಲು ಇದು ಸಾಕು. ಮಸಾಲೆಯಡಿ ಹರಾಝ್‌ನ ಹೂವಿನ ಕಂಪು ಮುಳುಗಿಹೋಗುತ್ತದೆ, ದುಡ್ಡು ದಂಡ.

ಖೌಲಾನಿ

ಸೌದಿ ಅರೇಬಿಯಾದ ನೈಋತ್ಯ ಮೂಲೆಯ ಜಾಝಾನ್ ಪ್ರಾಂತ್ಯದಲ್ಲಿ ಫೈಫಾ, ಅದ್-ದಾಯರ್ ಮುಂತಾದ ಬೆಟ್ಟಗಳಿವೆ. ಅಲ್ಲಿನ ಮೆಟ್ಟಿಲು ಹೊಲಗಳ ಕಾಫಿಗೆ ಖೌಲಾನ್ ಬುಡಕಟ್ಟಿನ ಹೆಸರು. ಗಡಿಯಾಚೆ ಯೆಮನ್, ಬೆಟ್ಟ, ಬೇಸಾಯ ಎರಡೂ ಕಡೆ ಒಂದೇ ಬಗೆ. 2022ನ್ನು ಸೌದಿ ಸರ್ಕಾರ ‘ಸೌದಿ ಕಾಫಿ ವರ್ಷ’ ಎಂದು ಘೋಷಿಸಿತು. ಅದೇ ವರ್ಷ ಖೌಲಾನಿ ಕಾಫಿ ಬೆಳೆಯುವ ಅರಿವು ಮತ್ತು ರೂಢಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಖೌಲಾನಿಯ ಗುಣ ಸೌಮ್ಯ. ಎಳೆ ಹುರಿಯಲ್ಲಿ (ಲೈಟ್ ರೋಸ್ಟ್) ಧಾನ್ಯದ ಸಿಹಿ, ಸ್ವಲ್ಪ ಮಸಾಲೆಯ ಛಾಯೆ, ಮೃದು ಹುಳಿ. ಏಲಕ್ಕಿಯನ್ನು ಮೀರಲು ಹೋಗುವುದಿಲ್ಲ, ಅದರೊಂದಿಗೆ ಬೆರೆಯುತ್ತದೆ. ಕಹ್ವಾಗೆ ಇದಕ್ಕಿಂತ ಹೊಂದುವ ಬೀಜ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಬೆಳೆ ಕಡಿಮೆ, ಬೇಡಿಕೆ ಹೆಚ್ಚು. ಸೌದಿ ಮನೆಗಳಲ್ಲಿ ದಿನನಿತ್ಯ ಕುದಿಯುವುದು ಬಹುಪಾಲು ಇಥಿಯೋಪಿಯಾದಿಂದ ಬಂದ ಬೀಜವೇ. ಅಲ್ಲಿನ ಪೇಟೆಯಲ್ಲಿ ‘ಹರರಿ’ ಎಂದರೆ ಹರಾರ್‌ನದು, ‘ಲುಕ್ಮತಿ’ ಎಂದರೆ ಪಶ್ಚಿಮ ಇಥಿಯೋಪಿಯಾದ ನೆಕೆಮ್ಟೆ ಕಡೆಯದು. ಅಂಗಡಿಯವರು ‘ಸೌದಿ ಕಾಫಿ’ ಎಂದಾಗ ಅದು ತಯಾರಿಸುವ ಕ್ರಮದ ಹೆಸರೋ ಬೆಳೆದ ಜಾಗದ ಹೆಸರೋ ಎಂದು ಕೇಳಿ. ಬರೇ ಅಭ್ಯಾಸಕ್ಕೆ ಕಹ್ವಾ ಕಲಿಯುವವರು ಲುಕ್ಮತಿಯಿಂದ ಆರಂಭಿಸಿ, ಕೈ ಪಳಗಿದ ಮೇಲೆ ಖೌಲಾನಿಗೆ ಹೋಗಲಿ.

ಹರಾರ್

ಕೆಂಪು ಸಮುದ್ರದಾಚೆ, ಪೂರ್ವ ಇಥಿಯೋಪಿಯಾದ ಹರಾರ್ ಸೀಮೆಯದೂ ಒಣ ಕ್ರಮದ ಕಾಫಿಯೇ. ಹಿಂದೆ ಇದೂ ಅದೇ ವ್ಯಾಪಾರದ ದಾರಿಯಲ್ಲಿ ಸಾಗುತ್ತಿದ್ದುದರಿಂದ ‘ಮೋಖಾ ಹರಾರ್’ ಎಂಬ ಹೆಸರು ಬಂದು ಉಳಿದಿದೆ. ಉದ್ದ ಬೀಜ, ಗಿಡ್ಡ ಬೀಜ, ಪೀಬೆರಿ ಎಂದು ವಿಂಗಡಿಸಿ ಮಾರುತ್ತಾರೆ. ಪೀಬೆರಿಗೇ ಮೋಖಾ ಎನ್ನುವುದು ವಾಡಿಕೆ. ಒಳ್ಳೆಯ ಹರಾರ್‌ನಲ್ಲಿ ಬ್ಲೂಬೆರಿಯ ವಾಸನೆ ಎಷ್ಟು ಸ್ಪಷ್ಟವೆಂದರೆ ಪೊಟ್ಟಣ ಬಿಚ್ಚಿದೊಡನೆ ತಿಳಿಯುತ್ತದೆ. ಯೆಮನ್‌ಗಿಂತ ಒರಟು, ಆಳ ಕಡಿಮೆ, ಆದರೆ ಕೊಡುವ ದುಡ್ಡಿಗೆ ಮೋಸವಿಲ್ಲ. ಮಟರಿಯ ಬೆಲೆ ಕೈಗೆಟುಕದವರು ಇದನ್ನು ಕೊಂಡರೆ ಆ ರುಚಿಯ ದಿಕ್ಕು ಗೊತ್ತಾಗುತ್ತದೆ.

ಕಹ್ವಾ ಕುದಿಸುವುದು

ಒಂದು ಲೀಟರ್ ನೀರಿಗೆ 30 ಗ್ರಾಂ ಕಾಫಿ, 10ರಿಂದ 12 ಗ್ರಾಂ ಏಲಕ್ಕಿ, ಒಂದು ಚಿಟಿಕೆ ಕೇಸರಿ. ಬೇಕಿದ್ದರೆ ಮೂರ್ನಾಲ್ಕು ಲವಂಗ. ಸಕ್ಕರೆ ಇಲ್ಲ, ಹಾಲೂ ಇಲ್ಲ. ಸಿಹಿಗೆ ಪಕ್ಕದಲ್ಲಿ ಖರ್ಜೂರ.

ಹುರಿ ಇದರ ಜೀವ. ದಪ್ಪ ತಳದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಿದ್ದರೆ ಹಸಿ ಬೀಜ ಹಳದಿಯಾಗಿ, ಆಮೇಲೆ ತೆಳುಗಂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ಚಟಪಟ ಸದ್ದು ಶುರುವಾಗುವ ಹೊತ್ತಿಗೆ ಅಗಲ ತಟ್ಟೆಗೆ ಸುರಿದು ಬೀಸಣಿಗೆಯಿಂದ ಆರಿಸಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಹುರಿ ಮುಂದುವರಿದು ಬಣ್ಣ ಕೆಡುತ್ತದೆ. ಯೆಮನ್, ಖೌಲಾನಿ ಬೀಜಗಳ ಗಾತ್ರ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಕೆಲವು ಕಂದಾದರೂ ಕೆಲವು ಹಳದಿಯಾಗಿಯೇ ಉಳಿಯುತ್ತವೆ. ಸ್ವಲ್ಪ ಇದ್ದರೆ ಚಿಂತೆಯಿಲ್ಲ, ತೀರ ಬಿಳಿಚಿದವನ್ನು ಆರಿಸಿ ತೆಗೆಯಿರಿ. ಅವು ಹಸಿ ಕಡಲೆಕಾಯಿಯ ರುಚಿ ಬಿಡುತ್ತವೆ.

ಎಳೆಯ ಹುರಿಯ ಬೀಜ ಗಟ್ಟಿ. ಮಿಕ್ಸಿಯಲ್ಲಿ ಒಮ್ಮೆಗೆ 30 ಗ್ರಾಂಗಿಂತ ಹೆಚ್ಚು ಹಾಕದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ದಪ್ಪ ರವೆಯ ಹದಕ್ಕೆ ತನ್ನಿ. ನೀರು ಕುದಿ ಬಂದ ಮೇಲೆ ಪುಡಿ ಹಾಕಿ, ಉರಿ ತಗ್ಗಿಸಿ 10ರಿಂದ 15 ನಿಮಿಷ ಸಣ್ಣಗೆ ಕುದಿಸಿ. ಒಲೆ ಆರಿಸಿ ಐದು ನಿಮಿಷ ಅಲುಗಾಡಿಸದೆ ಬಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಆಗಷ್ಟೇ ಜಜ್ಜಿದ ಏಲಕ್ಕಿಯನ್ನೂ ಕೇಸರಿಯನ್ನೂ ಕೊಕ್ಕಿನಂಥ ಮೂತಿಯ ಅರಬ್ ಕಾಫಿ ಹೂಜಿಯಾದ ದಲ್ಲಾದಲ್ಲಿ, ಅದು ಇಲ್ಲದಿದ್ದರೆ ಥರ್ಮಾಸ್‌ನಲ್ಲಿ, ಹಾಕಿಟ್ಟು ತಿಳಿಯನ್ನು ಅದರ ಮೇಲೆ ಸೋಸಿ. ಐದು ನಿಮಿಷ ಬಿಟ್ಟು ಬಡಿಸಿ. ಬಣ್ಣ ಹೊನ್ನಿನಂತೆ ತಿಳಿಯಾಗಿರಬೇಕು.

ಕೆಡುವ ಬಗೆ ಮೂರು. ಪುಡಿ ನುಣ್ಣಗಾದರೆ ಗಸಿ ಕೂರದೆ ಕೆಸರಾಗುತ್ತದೆ. ಏಲಕ್ಕಿಯನ್ನು ಮೊದಲಿನಿಂದಲೇ ಕುದಿಸಿದರೆ ಕಂಪು ಹಾರಿ ಒಗರು ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ಕಪ್ಪಗೆ ಹುರಿದ ಪುಡಿಯನ್ನು ಹದಿನೈದು ನಿಮಿಷ ಕುದಿಸುವುದು. ಬಾಯಿಗಿಡಲಾಗದ ಕಹಿ ಬರುತ್ತದೆ. ಇಷ್ಟು ಹೊತ್ತಿನ ಕುದಿತವನ್ನು ತಡೆದುಕೊಳ್ಳುವುದು ಎಳೆ ಹುರಿ ಮಾತ್ರ.

ಬಡಿಸುವುದಕ್ಕೂ ಒಂದು ಕ್ರಮವಿದೆ. ದಲ್ಲಾ ಎಡಗೈಯಲ್ಲಿ, ಹಿಡಿಯಿಲ್ಲದ ಫಿಂಜಾನ್ ಬಟ್ಟಲು ಬಲಗೈಯಲ್ಲಿ. ಬಟ್ಟಲಿನ ಕಾಲು ಭಾಗ ಮಾತ್ರ ಸುರಿಯುತ್ತಾರೆ. ತುಂಬ ಸುರಿದರೆ ಅತಿಥಿಗೆ ಬೇಗ ಕುಡಿದು ಹೊರಡಿ ಎಂದಂತೆ. ಸಾಕೆನಿಸಿದಾಗ ಖಾಲಿ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಿ ಹಿಂದಿರುಗಿಸಬೇಕು. ಹಾಗೆ ಮಾಡದಿದ್ದರೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಈ ಆತಿಥ್ಯದ ಪದ್ಧತಿಯನ್ನು 2015ರಲ್ಲಿ ಸೌದಿ, ಯುಎಇ, ಒಮಾನ್, ಕತಾರ್ ನಾಲ್ಕೂ ದೇಶಗಳ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಲಾಗಿದೆ. ಭಾರತದಲ್ಲಿ ಆನ್‌ಲೈನ್ ಹುಡುಕುವಾಗ ಎಚ್ಚರ: ‘ಕಹ್ವಾ’ ಎಂದರೆ ಹೆಚ್ಚಾಗಿ ಸಿಗುವುದು ಕಾಶ್ಮೀರದ ಹಸಿರು ಚಹಾ, ಅದರಲ್ಲಿ ಕಾಫಿ ಇಲ್ಲ.

ಕರಿ ಕಾಫಿ, ಇಬ್ರಿಕ್, ಕಿಶ್ರ್

ಮಟರಿ ಅಥವಾ ಹರಾಝ್‌ಗೆ ಮಧ್ಯಮಕ್ಕಿಂತ ತುಸು ಎಳೆಯ ಹುರಿ ಒಳ್ಳೆಯದು. ಪೇಪರ್ ಫಿಲ್ಟರ್‌ಗೆ 15 ಗ್ರಾಂ ಪುಡಿ, 240 ಮಿಲಿ ನೀರು, 92ರಿಂದ 94 ಡಿಗ್ರಿ ಸೆಲ್ಸಿಯಸ್. ಮೊದಲು 40 ಮಿಲಿ ಸುರಿದು ಅರ್ಧ ನಿಮಿಷ ಬಿಟ್ಟು, ಉಳಿದದ್ದನ್ನು ಎರಡು ಸಲಕ್ಕೆ ಸುರಿಯಿರಿ. ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ನೀರು ಇಳಿಯದೆ ನಿಂತರೆ ನುಣುಪು ಪುಡಿ ಕಾಗದವನ್ನು ಮುಚ್ಚಿದೆ ಎಂದರ್ಥ, ಮುಂದಿನ ಸಲ ಒಂದು ಹಂತ ದಪ್ಪ ಬೀಸಿ. ಕಪ್ ಸ್ವಲ್ಪ ತಣ್ಣಗಾದಾಗಲೇ ಹಣ್ಣಿನ ರುಚಿ ತೆರೆದುಕೊಳ್ಳುತ್ತದೆ, ಆತುರ ಬೇಡ.

ಇಬ್ರಿಕ್‌ಗೆ 70 ಮಿಲಿ ತಣ್ಣೀರಿಗೆ 7 ಗ್ರಾಂ ತೀರ ನುಣ್ಣಗಿನ ಪುಡಿ. ನೊರೆ ಕಂಠಕ್ಕೆ ಏರಿದ ಕೂಡಲೇ ಇಳಿಸಬೇಕು. ಉಕ್ಕಿ ಕುದಿದರೆ ನೊರೆಯೂ ಹೋಯಿತು, ಕಂಪೂ ಹೋಯಿತು.

ಕಾಫಿಯ ಒಣ ಸಿಪ್ಪೆಯ ಕಷಾಯ ಕಿಶ್ರ್. ಮಲೆನಾಡಿನ ತೋಟಗಳಲ್ಲಿ ಗೊಬ್ಬರದ ಗುಂಡಿ ಸೇರುವ ಸಿಪ್ಪೆಯನ್ನು ಯೆಮನ್‌ನಲ್ಲಿ ಶುಂಠಿ ಹಾಕಿ ಕುಡಿಯುತ್ತಾರೆ. ಮನೆಗಳಲ್ಲಿ ಬೀಜದ ಕಾಫಿಗಿಂತ ಇದೇ ಹೆಚ್ಚು ಬಳಕೆ. ಅರ್ಧ ಲೀಟರ್ ನೀರಿಗೆ 25 ಗ್ರಾಂ ಸಿಪ್ಪೆ, ಅರ್ಧ ಚಮಚ ಒಣಶುಂಠಿ ಪುಡಿ, ರುಚಿಗೆ ಸಕ್ಕರೆ. ಹತ್ತು ನಿಮಿಷ ಕುದಿಸಿ ಸೋಸಿ. ಒಣದ್ರಾಕ್ಷಿಯ ನೀರಿನಂಥ ಸಿಹಿ, ಕೆಫೀನ್ ಕಡಿಮೆ, ಸಂಜೆಯ ಹೊತ್ತಿಗೆ ಸರಿ. ಕುಡಿಯುವುದಕ್ಕೆಂದೇ ಮಾರುವ ಸಿಪ್ಪೆಯನ್ನೇ ಕೊಳ್ಳಿ. ಗಿರಣಿಯ ಸಿಪ್ಪೆಯಲ್ಲಿ ಬೂಷ್ಟು, ದೂಳು, ಸಿಂಪಡಿಸಿದ ಔಷಧಿಯ ಅಂಶ ಇರಬಹುದು.

ಹಾಲು ಹಾಕಿಯೇ ಕುಡಿಯುವವರಿಗೆ

ಯೆಮನ್ ಬೀಜ ಕೊಳ್ಳಬೇಡಿ. ಹಾಲು ಅದರ ಹುಳಿಯನ್ನೂ ಹಣ್ಣಿನ ಪದರವನ್ನೂ ಮುಚ್ಚುತ್ತದೆ, ಚಿಕೋರಿ ಉಳಿದದ್ದನ್ನು ನುಂಗುತ್ತದೆ. ಮೋಖಾದ ಛಾಯೆ ಬೇಕಿದ್ದರೆ ಮನೆಯ ಹತ್ತಿರವೇ ಎಸ್‌795 ಇದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಎಸ್‌288 ಮತ್ತು ಕೆಂಟ್ಸ್ ತಳಿಗಳನ್ನು ಸೇರಿಸಿ 1940ರ ದಶಕದಲ್ಲಿ ರೂಪಿಸಿದ ಈ ತಳಿಯ ರುಚಿಯಲ್ಲಿ ಮೋಖಾದ ನವಿರಾದ ಎಳೆಯಿದೆ ಎಂದು ಕಾಫಿ ಮಂಡಳಿಯೇ ವರ್ಣಿಸುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬಾಬಾಬುಡನ್‌ಗಿರಿ ಅರೇಬಿಕಾದಲ್ಲಿ, ತೋಟದವರೇ ಜತನದಿಂದ ಒಣಗಿಸಿದ ಎಸ್‌795 ಸಿಕ್ಕರೆ ಮಧ್ಯಮ ಹುರಿಗೆ ಹುರಿಸಿ. ಚಿಕೋರಿ ಇಲ್ಲದೆ, ಅಥವಾ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲದೆ, ಡಿಕಾಕ್ಷನ್ ಇಳಿಸಿ. ಹಾಲಿನೊಂದಿಗೆ ಮಟರಿಗಿಂತ ಇದು ಚೆನ್ನಾಗಿ ನಿಲ್ಲುತ್ತದೆ.

ಕೊಳ್ಳುವಾಗ, ತರುವಾಗ

ಬೀಜವನ್ನು ಅಂಗೈ ಮೇಲೆ ಹಾಕಿ ನೋಡಿ. ಒಣ ಕ್ರಮದ ಬೀಜದಲ್ಲಿ ಗಾತ್ರ, ಬಣ್ಣದ ಸಣ್ಣ ವ್ಯತ್ಯಾಸ ಸಹಜ. ಕಪ್ಪು ಬೀಜ, ಹುಳು ಕೊರೆದ ತೂತು, ಮುರುಕು ಹೆಚ್ಚಿದ್ದರೆ ಬೇಡ. ‘ಯೆಮನ್ ಮೋಖಾ’ ಎಂಬ ಬೀಜ ಎಲ್ಲವೂ ಒಂದೇ ಅಳತೆಯಲ್ಲಿ, ನುಣುಪಾಗಿ ಹೊಳೆಯುತ್ತಿದ್ದರೆ ಅನುಮಾನಪಡಲು ಕಾರಣವಿದೆ. ಕೊಲ್ಲಿಯಿಂದ ಊರಿಗೆ ತರುವವರು ಹುರಿದ ಬೀಜವನ್ನೇ ತನ್ನಿ, ಹಸಿ ಬೀಜ ಸಸ್ಯ ಸಂಗರೋಧ ನಿಯಮಗಳಡಿ ಬರುತ್ತದೆ. ಏಲಕ್ಕಿ ಬೆರೆಸಿದ ಪುಡಿಗಿಂತ ಇಡೀ ಬೀಜ ಮೇಲು, ಏಲಕ್ಕಿ ನಮ್ಮಲ್ಲೇ ಒಳ್ಳೆಯದು ಸಿಗುತ್ತದೆ. ಹುರಿದ ದಿನಾಂಕದಿಂದ ಒಂದು ವಾರ ಬಿಟ್ಟು ಶುರು ಮಾಡಿ ಆರು ವಾರದೊಳಗೆ ಮುಗಿಸಿ. ಮಂಗಳೂರು, ಭಟ್ಕಳದ ಮಳೆಗಾಲದಲ್ಲಿ ಡಬ್ಬಿಯನ್ನು ದಿನಕ್ಕೆ ಹಲವು ಸಲ ತೆರೆದರೆ ಆ ಆರು ವಾರವೂ ಬಾಳದು. ಐವತ್ತು ಐವತ್ತು ಗ್ರಾಂನ ಗಾಳಿಯಾಡದ ಪೊಟ್ಟಣ ಕಟ್ಟಿ, ಒಂದು ಹೊರಗಿಟ್ಟು ಉಳಿದವನ್ನು ಫ್ರೀಜರ್‌ನಲ್ಲಿಡಿ. ಹೊರತೆಗೆದ ಪೊಟ್ಟಣ ಕೋಣೆಯ ಕಾವಿಗೆ ಬಂದ ಮೇಲೆಯೇ ಬಿಚ್ಚಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕೂರುತ್ತದೆ.